ಬೀರುವಿನ ಮೇಲಿನ ಪೆಟ್ಟಿಗೆ

ಮೂರು ಜನರ ಆಫೀಸು. ಗ್ಯುಮ್ರಿಯ ಹಳೇ ಬೀದಿ,
ಕರಿಕಲ್ಲಿನ ಗೋಡೆ, ಒಂದು ಗ್ಯಾಸ್ ಒಲೆ,
ಮೂರು ಮೇಜು, ಒಂದೇ ಪೆನ್‌ಡ್ರೈವು.
ಅದು ಹಗಲೆಲ್ಲ ಮೇಜಿಂದ ಮೇಜಿಗೆ ಅಲೆದು
ಸಂಜೆ ಯಾರದೋ ಕೋಟಿನ ಕಿಸೆಯಲ್ಲಿ ಮನೆಗೆ ಹೋಗಿ
ಬೆಳಿಗ್ಗೆ ರೊಟ್ಟಿಯ ಪುಡಿ ಮೆತ್ತಿಕೊಂಡು ಬರುತ್ತಿತ್ತು.
ಒಂದು ದಿನ ಬರಲಿಲ್ಲ.
ಆಗ ನನಗೆ ಫೋನು ಬಂತು.

ನನ್ನದು ಮೊಬೈಲು ರಿಪೇರಿ ಅಂಗಡಿ.
"ಸರ್ವರ್ ಅಂದರೆ ಬಹಳ ದೊಡ್ಡದೇ?" ಕೇಳಿದಳು ಹ್ರಿಪ್ಸಿಮೆ,
ಊರಿನ ಹಳೇ ಮನೆಗಳನ್ನು ಅಳೆಯುವವಳು,
ಬಿರುಕುಗಳ ಅಗಲವನ್ನು ಮಿಲಿಮೀಟರಿನಲ್ಲಿ ಬರೆದಿಡುವವಳು.
ಮೂಲೆಯಲ್ಲಿ ದೂಳು ಕುಡಿಯುತ್ತಿರುವ ಆ ಕಂಪ್ಯೂಟರೇ ಸಾಕು, ಎಂದೆ.
ಉಳಲಾರದ ಮುದಿ ಎತ್ತೂ
ಗಾಣ ತಿರುಗಿಸೀತು.

ಬಿಚ್ಚಿದೆ. ಒಂದು ಸತ್ತ ಪತಂಗ, ಹಿಡಿ ತುಂಬ ಜೇಡರಬಲೆ.
ಒಂದೇ ಅಳತೆಯ ಎರಡು ಹೊಸ ಡಿಸ್ಕು ಕೂರಿಸಿ,
ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಮೂಡುವಂತೆ ಕಟ್ಟಿ,
ಬದಲಾಗದ ಒಂದು ವಿಳಾಸ ಕೊಟ್ಟೆ.
ಗೋಡೆ ಕೊರೆಯುವಾಗ ಮಾತ್ರ ಅವಳು ಬಂದು ಪಕ್ಕದಲ್ಲಿ ನಿಂತಳು.
"ಇಲ್ಲಿ ಬೇಡ. ಇಲ್ಲೂ ಬೇಡ.
ಈ ಕಲ್ಲುಗಳು ಒಮ್ಮೆ ಬಿದ್ದು ಎದ್ದವು."
ಕೊನೆಗೆ ನೀಲಿ ವೈರು
ಬಾಗಿಲ ಚೌಕಟ್ಟಿನ ಅಂಚು ಹಿಡಿದು ತೆವಳಿತು.

ಆಮೇಲೆ ಹೆಸರಿನ ಜಗಳ.
ಅವಳು ಫೈಲಿಗೆ ಮನೆಯ ನಂಬರು ಇಡುತ್ತಾಳೆ.
ನಕ್ಷೆ ಬಿಡಿಸುವ ಝಾವೆನ್ ಇಡುವುದು ಹವೆಯನ್ನು:
'ಹಿಮ ಬಿದ್ದ ಸೋಮವಾರ', 'ಗಾಳಿ, ಮಧ್ಯಾಹ್ನದ ನಂತರ'.
ಲೆಕ್ಕದ ಆರ್ಪಿನೆಗೆ ಎಲ್ಲವೂ
ಬಾಕಿ ಉಳಿಸಿಕೊಂಡವರ ಹೆಸರಿನಲ್ಲೇ ಇರಬೇಕು.
ಎತ್ತು ಏರಿಗೆ, ಕೋಣ ನೀರಿಗೆ.
ನಾನು ಒಲೆಯ ಹತ್ತಿರ ಕೂತು ಕೈ ಕಾಯಿಸಿಕೊಂಡೆ.

ಅದಕ್ಕಿಂತ ಕಷ್ಟದ್ದು ಮುಂದಿತ್ತು.
ಯಾವುದನ್ನು ಯಾರು ಓದಬಹುದು,
ಯಾರು ತಿದ್ದಬಹುದು, ಯಾರು ಅಳಿಸಬಹುದು?
ನಾನು ಕೇಳಲೇಬೇಕಿತ್ತು.
ಹನ್ನೊಂದು ವರ್ಷ ಒಂದೇ ಪಾತ್ರೆಯ ಕಾಫಿ ಹಂಚಿ ಕುಡಿದವರು
ಒಬ್ಬರ ಮುಖ ಒಬ್ಬರು ನೋಡದೆ ಉತ್ತರ ಹೇಳಿದರು.
ಬರೆದುಕೊಂಡೆ.
ಬರೆದುಕೊಂಡದ್ದನ್ನು ಯಾರಿಗೂ ತೋರಿಸಲಿಲ್ಲ.

ಮಾನಿಟರು ಕಿತ್ತೆ, ಕೀಬೋರ್ಡು ಕಿತ್ತೆ.
ಮುಖವಿಲ್ಲದ ಪೆಟ್ಟಿಗೆ ಬೀರುವಿನ ಮೇಲೇರಿ
ಹಸಿರು ದೀಪ ಮಿಟುಕಿಸಿತು.
ಮುಗಿಯಿತು, ಎಂದೆ.
"ಮುಗಿದಿಲ್ಲ," ಎಂದಳು ಹ್ರಿಪ್ಸಿಮೆ. "ಒಂದು ಡಿಸ್ಕು ಕಿತ್ತು ತೋರಿಸು."
ಈಗಲೇ?
"ಈಗಲೇ. ಕೆಲಸ ನಡೆಯುತ್ತಿರುವಾಗಲೇ.
ಹೇಳಿಕೇಳಿ ಬರುತ್ತದೆಯೇ ಅದು?"

ಕಿತ್ತೆ. ಕೆಂಪು ದೀಪ.
ಝಾವೆನ್ ಪೆನ್ಸಿಲು ಕೆಳಗಿಟ್ಟ.
ಅವಳು ನಡುಗದ ಬೆರಳಿನಲ್ಲಿ ಒಂದು ನಕ್ಷೆ ತೆರೆದಳು.
ಹದಿನಾಲ್ಕನೇ ನಂಬರು, ಎರಡು ಮಹಡಿ, ಕಮಾನು ಬಾಗಿಲು.
ಗೆರೆಗಳೆಲ್ಲ ನೆಟ್ಟಗೆ ಬಂದು ನಿಂತವು.
ಆ ನಂಬರಿನ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.
ನಾನೂ ಅಲ್ಲೇ ನಿಲ್ಲಿಸಿ ಬಂದಿದ್ದೆ.

ಆದರೆ ಇದು ಕನ್ನಡಿ ಮಾತ್ರ, ಎಂದು ಎಚ್ಚರಿಸಿದೆ.
ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ,
ಕನ್ನಡಿಗೆ ನೆನಪಿಲ್ಲ.
ನಕಲು ಬೇರೆಯೇ ಬೇಕು, ಬೇರೆ ಸೂರಿನಡಿ.
"ಬೇರೆ ಸೂರಲ್ಲ," ಎಂದಳು, "ಬೇರೆ ನೆಲ."
ಅಂದಿನಿಂದ ಮೂರನೇ ಡಿಸ್ಕು
ತಿಂಗಳಿಗೊಮ್ಮೆ ಉಣ್ಣೆಯ ಕಾಲುಚೀಲದಲ್ಲಿ ಮಲಗಿ
ಬಸ್ಸು ಹತ್ತಿ ಯೆರೆವಾನಿನ ತಂಗಿಯ ಮನೆಗೆ ಹೋಗಿಬರುತ್ತದೆ.

ಜನವರಿಯಲ್ಲಿ ಬಾಕಿ ಹಣಕ್ಕೆ ಹೋದೆ.
(ಆರ್ಪಿನೆಯ ಫೋಲ್ಡರಿನಲ್ಲಿ ನನಗೂ ಒಂದು ಹೆಸರಿದ್ದೀತು,
ಎದುರು ಸಾಲಿನಲ್ಲಿ.)
ಪೆಟ್ಟಿಗೆ ಬೆಚ್ಚಗಿದೆಯೆಂದು ಯಾರೋ ಅದರ ಮೇಲೆ
ಮೂರು ಕ್ವಿನ್ಸ್ ಹಣ್ಣು ಇಟ್ಟಿದ್ದರು. ಕೋಣೆಯೆಲ್ಲ ಘಮ.
ಗಾಳಿಕಿಂಡಿ ಮುಚ್ಚುತ್ತದೆ, ಎಂದು ಗೊಣಗಿ
ಎರಡನ್ನು ಪಕ್ಕಕ್ಕೆ ಸರಿಸಿದೆ.
ಮೂರನೆಯದನ್ನು ಹ್ರಿಪ್ಸಿಮೆ
ನನ್ನ ಕೋಟಿನ ಕಿಸೆಗೆ ತುರುಕಿದಳು:
"ಒಂದು ಬೇರೆ ಕಡೆ ಇರಲಿ."