ತಲೆಕೆಳಗು ಮಾಡಿ ನೋಡುವವರು

ಲಾಂಗ್ಟನ್ನಿನಲ್ಲಿ ಊಟಕ್ಕೆ ಕರೆದರೂ ಮೊದಲು
ತಟ್ಟೆ ಮಗುಚಿ ಬೆನ್ನು ನೋಡುತ್ತಾರೆ,
ಯಾವ ಮನೆತನದ್ದು ಇದು ಎಂದು.

ಈ ಹಕ್ಕಿಯ ಅಡಿಯಲ್ಲಿ ಏನೂ ಇಲ್ಲ.
ಗೇಣಿಗಿಂತ ಗಿಡ್ಡ, ಪಿಂಗಾಣಿಯ ಕರೀ ಮೈ,
ಆಕಾಶಕ್ಕೆ ತೆರೆದ ಹಳದಿ ಕೊಕ್ಕು,
ಹೊಟ್ಟೆ ಟೊಳ್ಳು,
ಬುಡದಲ್ಲಿ ಎರಡು ಕಮಾನು ಬಾಗಿಲು.

ಮೇಣದಬತ್ತಿಗೆ, ಅಂದ ಮಾರಿದವನು.
ಒಂಟಿ ಹೂವಿಗೆ, ಅಂದಳು ನನ್ನ ತಂಗಿ.
ನೀರು ಹಾಕಿದೆವು: ಮೇಜೆಲ್ಲ ಒದ್ದೆ.
ಸೀಟಿಯೇನೋ ಎಂದು ಊದಿದೆ.
ಹಳೇ ಹಿಟ್ಟಿನ ವಾಸನೆ.

ಎನಿಡ್ ಬ್ರಿಂಡ್ಲಿಗೆ ತೊಂಬತ್ತೊಂದು. ಕನ್ನಡಕ ಹುಡುಕಲಿಲ್ಲ.
ಹಲ್ಲು ಬಂತೇ ಎಂದು ಕೂಸಿನ ವಸಡು ಮುಟ್ಟುವ ಹಾಗೆ
ಹೆಬ್ಬೆರಳಲ್ಲಿ ಅಂಚು ಸವರಿದಳು.

"ಪೈ ಹಕ್ಕಿ ಇದು. ಮಾಂಸದ ಪೈ ನಡುವೆ ನಿಲ್ಲಿಸೋದು.
ಒಳಗಿನ ಕುದಿ ಇದರ ಬಾಯಿಂದ ಹೋಗಲಿ,
ಮೇಲಿನ ಹಿಟ್ಟು ಬಿರಿಯದಿರಲಿ ಅಂತ.
ಸೇಬಿನದಕ್ಕೆ ಇಡಬೇಡ, ಕೊಕ್ಕಿಗೆ ಸಕ್ಕರೆ ಕಟ್ಟುತ್ತೆ."

ಮಾಡಿದವರು?

"ಕಣ್ಣು ನೋಡು."
ಎಡಗಣ್ಣು ನೆಟ್ಟಗಿದೆ.
ಬಲಗಣ್ಣು ಕೊಕ್ಕಿನ ಕಡೆಗೆ ಜಾರಿದೆ.

"ಮೇವಿಸ್. ನನ್ನ ಪಕ್ಕದ ಬೆಂಚು.
ಡಜನ್ ಹಕ್ಕಿಗೆ ನಾಲ್ಕು ಪೆನ್ನಿ.
ಕುಂಚ ಹಕ್ಕಿ ಮೇಲೆ, ಗಮನ ಗಡಿಯಾರದ ಮೇಲೆ,
ಗೇಟಿನಾಚೆ ಸೈಕಲ್ ಹಿಡಿದು ನಿಂತಿರುತ್ತಿದ್ದನಲ್ಲ ಒಬ್ಬ."

ಕಾರ್ಖಾನೆಯ ಹೆಸರು?

"ಮಾಲಿಕರು ಮೂರು ಸಲ ಬದಲಾದರು.
ಯಾರು ನೆನಪಿಟ್ಟುಕೊಳ್ಳುತ್ತಾರೆ?"

ಸಂಗ್ರಹದ ಚೀಟಿಯಲ್ಲಿ ಎರಡು ಖಾನೆ ಖಾಲಿ ಇದ್ದವು.
ಉಪಯೋಗ: ಉಸಿರು ಬಿಡಲು.
ತಯಾರಕರು: ಮೇವಿಸ್,
ಶುಕ್ರವಾರ, ಐದಕ್ಕೆ ಹತ್ತು ನಿಮಿಷ ಇರುವಾಗ.