ಎಡ ಕಾರ್ನರ್

ಮುಖ ಅವನಿಗೆ ನೆನಪಿರುವುದಿಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ ಕೂತು
ಬಂದವರ ಕಾಲಗಿಣ್ಣು ನೋಡಿಯೇ
"ಓ, ನೀನೇನೋ" ಅನ್ನುತ್ತಾನೆ ಚಮನ್‌ಸಾಬ್.
ಹನ್ನೊಂದು ವರ್ಷ
ಕೆಳಗೆ ನೋಡುತ್ತಲೇ ದುಡಿದವನು.

ಭಟ್ಟಿಯ ಹಿಂದೆ ಬೂದಿ ಹರಡಿ, ಸುಣ್ಣದ ಗೆರೆ ಎಳೆದು
ಆಡುತ್ತಿದ್ದಾಗ ಅವನು ಎಡ ಕಾರ್ನರ್,
ನಾನು ಪಕ್ಕದ ಇನ್.
ಅವನ ಬಲಗೈ ನನ್ನ ಎಡಗೈಯಲ್ಲಿ.
ರೈಡರ್ ಬೋನಸ್ಸಿಗೆ ಕಾಲು ಚಾಚಿದ ಗಳಿಗೆ
ಅವನ ಬೆರಳು ಒಮ್ಮೆ ಬಿಗಿಯುತ್ತಿತ್ತು,
ಆಮೇಲೆ ಖಾಲಿ.
ಆ ಖಾಲಿಯೇ ಸನ್ನೆ:
ಅವನಾಗಲೇ ನೆಲದಲ್ಲಿ, ಗಿಣ್ಣಿಗೆ ಬೀಗ ಬಿದ್ದಿದೆ,
ಮೇಲಿಂದ ನಾನು ಬಿದ್ದರೆ ಮುಗಿಯಿತು.

ಹರಾಜಿನ ದಿನ ಒಲೆ ಆರಿಸಿ
ಒಂದು ಮೊಬೈಲಿನ ಸುತ್ತ ನಲವತ್ತು ತಲೆ.
"ಎಮ್ಮೆ ಸಂತೇಲೂ ಹಲ್ಲು ನೋಡಿ ರೇಟು ಕಟ್ತಾರೆ,
ಇವನ ಕೈ ಯಾರೂ ಮುಟ್ಟಿ ನೋಡ್ಲಿಲ್ವಲ್ಲ"
ಅಂದಳು ಅವನಮ್ಮ ಹಫೀಜಾಬಿ.
ಹನ್ನೆರಡು ಲಕ್ಷವನ್ನು ಮಂಡಕ್ಕಿ ಚೀಲಗಳಲ್ಲಿ ಎಣಿಸಿ
ಲೆಕ್ಕ ತಪ್ಪಿ ನಕ್ಕಳು.

ನಾಲ್ಕು ಊರು, ನಾಲ್ಕು ಬಣ್ಣದ ಜೆರ್ಸಿ.
ಒಂದು ಸೀಸನ್ನು ಪೂರ್ತಿ ಬೆಂಚು.
ಟೀವಿಯವರು ಹೊಗಳಿದ್ದು ರೈಡರನ್ನೇ,
ಹಿಡಿದವನ ಹೆಸರು ಬರುವಷ್ಟರಲ್ಲಿ ಜಾಹೀರಾತು.
ರಾತ್ರಿ ಎರಡಕ್ಕೆ ಯಾವುದೋ ಹೋಟೆಲಿನಿಂದ ಫೋನು:
"ಪಕ್ಕದವನ ಕೈ ತಣ್ಣಗಿದೆ ಕಣೋ.
ಬಿಗಿದರೂ ಅವನಿಗೆ ತಿಳಿಯಲ್ಲ."

ಆಮೇಲೆ ಮೊಣಕಾಲು.
ಹಸಿ ಜಾಲಿಬರಲು ಮುರಿದ ಹಾಗೆ ಶಬ್ದ ಬಂತಂತೆ.
ಆಪರೇಷನ್ ಟೇಬಲ್ಲಿನ ಮೇಲೆ ಯಾರೋ
ಅವನ ಗಿಣ್ಣು ಹಿಡಿದು ಎತ್ತಿದರು.
"ಕೊಡವಿಕೊಂಡು ಗೆರೆ ಮುಟ್ಟೋಣ ಅನ್ನಿಸ್ತು,
ಸೊಂಟದ ಕೆಳಗೆ ನಾನೇ ಇರಲಿಲ್ಲ."
ತಂಡದಿಂದ ಎರಡು ಸಾಲಿನ ಸಂದೇಶ,
ಕೊನೆಗೊಂದು ಕೈಮುಗಿದ ಚಿತ್ರ.

ಈಗ ಸಂಜೆ ಐದಕ್ಕೆ ಅದೇ ಬೂದಿಯ ಅಂಕಣ.
ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆ
ಹುಡುಗರನ್ನು ಬೈದು ಬೈದು ಕಲಿಸುತ್ತಾನೆ.
ಮಿರ್ಚಿ ಬಂದರೆ ಪಾಠ ಬಂದ್.

ಮೊನ್ನೆ ಅವನ ಆರು ವರ್ಷದ ಮಗಳು
ಮೂಟೆಗಳ ಸಂದಿಯಿಂದ ಕಬಡ್ಡಿ ಕಬಡ್ಡಿ ಅನ್ನುತ್ತಾ ಬಂದು
ಅದೇ ಮೊಣಕಾಲು ಮುಟ್ಟಿ ತಿರುಗಿದಳು.
ಅವನ ಕೈ ಚಾಚಿದ್ದು ನಾನು ನೋಡಲಿಲ್ಲ,
ಬೆನ್ನು ಹಾಕಿ ಮಂಡಕ್ಕಿ ಅಳೆಯುತ್ತಿದ್ದೆ.
ಎಡಗೈ ತಟ್ಟನೆ ಖಾಲಿಯಾಯಿತು.
ಸೇರು ನೆಲಕ್ಕೆ ಬಿದ್ದು
ಬಿಳಿ ಮಂಡಕ್ಕಿ ಬಾಗಿಲತನಕ.
"ಎದ್ದೇಳೋ, ಏನಾಗಿದೆ ನಿನಗೆ"
ಹಫೀಜಾಬಿ ಪೊರಕೆ ಹಿಡಿದು ಬಂದಳು.
ನಾನು ನೆಲದಲ್ಲಿದ್ದೆ.