ಹತ್ತಿದ್ದೋ, ನಿಂತಿದ್ದೋ

ಡೇರಿ ಕ್ಯಾನಿನ ಸದ್ದಿಗೂ ಮುಂಚೆ
ಕೊಟ್ಟಿಗೆಯಲ್ಲಿ ಚುಕ್ಕಿ ಒಂದೇ ಸಮ ಒರಲಿದಳು.
ಬಾಲದ ಬುಡಕ್ಕೆ ಗಾಜಿನ ದಾರದಂಥ ಲೋಳೆ.
ರುದ್ರೇಶಿಗೆ ಫೋನು ಹಚ್ಚಿದರೆ
ಅತ್ತಲಿಂದ ಒಂದೇ ಪ್ರಶ್ನೆ:
"ಹತ್ತಿದ್ದೋ, ನಿಂತಿದ್ದೋ? ನೋಡಿ ಹೇಳಕ್ಕ."

ಹೊಂಗೆ ಮರದಡಿ ಬಿಚ್ಚಿ ಬಿಟ್ಟೆ.
ಪಡ್ಡೆ ಅವಳ ಬೆನ್ನಿಗೆ ಹಾರಿತು,
ಚುಕ್ಕಿ ಕದಲಲಿಲ್ಲ.
ಭಾರವನ್ನೆಲ್ಲ ನಾಲ್ಕು ಗೊರಸಿಗೆ ಹಂಚಿ
ಕಲ್ಲಾದಳು.

"ಹಂಗಾದ್ರೆ ಈಗ ಬೇಡ, ಬೈಗಿಗೆ ಬರ್ತೀನಿ."

ಹೋದ ಸಲ ಅವಸರಪಟ್ಟು
ಇಪ್ಪತ್ತೊಂದನೇ ದಿನ ಮತ್ತೆ ಒರಲಿದ್ದಳು,
ಅದರ ಹಿಂದಿನ ಸಲ ತಡ.
ಗೋಡೆ ಮೇಲಿನ ಇದ್ದಲ ಗೀಟುಗಳಿಗೆ ಗೊತ್ತು.

ನನ್ನ ಮದುವೆಗೆ ಜೋಯಿಸರು
ಗಳಿಗೆ ವಿಗಳಿಗೆ ಎಲ್ಲ ಲೆಕ್ಕ ಹಾಕಿದ್ದರು.
ನಿನಗೆ ಒಪ್ಪಿಗೆಯೇನವ್ವ ಅಂತ
ಒಬ್ಬರೂ ಕೇಳಿರಲಿಲ್ಲ.

ಬೈಗಾಯಿತು. ಚನ್ನರಾಯಪಟ್ಟಣದ ಕಡೆಯಿಂದ
ಬೈಕು, ಹಿಂದೆ ಕಟ್ಟಿದ ಜಾಡಿ,
ಮುಚ್ಚಳ ತೆಗೆದರೆ ಬಿಳಿ ಹೊಗೆ.
ಲೋಟದ ಉಗುರುಬೆಚ್ಚ ನೀರಲ್ಲಿ
ಕಡ್ಡಿಯಷ್ಟು ಹೋರಿ ಕರಗುತ್ತಿತ್ತು.
ರುದ್ರೇಶಿ ಭುಜದವರೆಗೆ ಗ್ಲೌಸು ಏರಿಸಿದ.
ನಾನು ಚುಕ್ಕಿಯ ಗಂಗೆದೊಗಲು ನೀವುತ್ತಾ
"ತಡಿಯವ್ವ" ಅಂದೆ.
ಅವಳಾಗಲೇ ನಿಂತಿದ್ದಳು.